ಬೆಳ್ಳಿಯ ಪಾಲಿನ ಔಷಧಿ

ಆಗೆಲ್ಲ ನಮ್ಮ ಮನೆಯಲ್ಲಿ ರೇಷ್ಮೆ ಹುಳುವಿನ ಜ್ವರ ನೋಡಿಕೊಂಡು ದಿನ ಎಣಿಸುತ್ತಿದ್ದರು. ಹುಳು ಪೊರೆ ಬಿಡುವ ಮೊದಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. "ಎರಡ್ನೇ ಜ್ವರ ಎದ್ ಮ್ಯಾಕೆ ಬತ್ತೀನಿ" ಅಂತ ನೆಂಟರಿಗೆ ಹೇಳಿ ಕಳಿಸುತ್ತಿದ್ದರು. ನಾಲ್ಕನೇ ಜ್ವರ ಎದ್ದಿತೆಂದರೆ ಅಲ್ಲಿಂದ ಏಳೆಂಟು ದಿನ ಮನೆಯಲ್ಲಿ ಮನುಷ್ಯರನ್ನು ಕೇಳುವವರಿಲ್ಲ. ಹೊತ್ತು ಹೊತ್ತಿಗೆ ಹುಳಕ್ಕೆ ಸೊಪ್ಪು ಬೀಳಬೇಕು, ನಮ್ಮ ಊಟ ಆದಾಗ ಆಯಿತು. ಕೈಲಾಂಚದ ಸುತ್ತಮುತ್ತ ಹುಳು ಸಾಕಿದ ಮನೆಗಳಲ್ಲಿ ಬೆಳೆದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ತಟ್ಟೆ ತಟ್ಟೆಯಿಂದ ಬರುವ ಚರಪರ ಸದ್ದು, ಸುಣ್ಣದ ಘಾಟು, ಇವುಗಳ ನಡುವೆಯೇ ನಾವು ಬರೆದದ್ದು, ಉಂಡದ್ದು, ಜಗಳ ಆಡಿದ್ದು.

ಅಂಥ ಮನೆಗೆ ಒಂದು ಗೌರಿ ಹಬ್ಬದ ಹೊತ್ತಿಗೆ ಶೋಭಕ್ಕ ಬಂದಳು. ರಾಮನಗರದಲ್ಲಿ ಮನೆ ಮಾಡಿಕೊಂಡಿದ್ದ ನಮ್ಮ ದೊಡ್ಡಪ್ಪನ ಮಗಳು. ದೊಡ್ಡಮ್ಮ ಬಸುರಿ, ಮಂಚ ಬಿಟ್ಟು ಇಳಿಯಬೇಡಿ ಅಂತ ಡಾಕ್ಟರು ಹೇಳಿದ್ದರಂತೆ. ಹಾಗಾಗಿ ದೀಪಾವಳಿ ಮುಗಿಯುವವರೆಗೆ ಇವಳು ನಮ್ಮ ಅಜ್ಜಿಯ ಹತ್ತಿರ ಇರಲಿ ಅಂತ ಬಿಟ್ಟು ಹೋದರು. ನಮ್ಮೂರ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರಿಸಿದರು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಆಗಲೂ ಇತ್ತು, ನಲವತ್ತು ದಾಟಿದ ಮೇಲೆ ಈಗಲೂ ಇದೆ.

ಅವಳು ನನಗಿಂತ ಮೂರು ತಿಂಗಳಿಗೆ ದೊಡ್ಡವಳು. ಮೂರೇ ತಿಂಗಳು. ಅಷ್ಟಕ್ಕೇ ಅಕ್ಕ ಅನ್ನಬೇಕಂತೆ. ನಾನು ಬರೀ "ಶೋಭಾ" ಅಂದರೆ ಸಾಕು, ಅಜ್ಜಿ ಹುಳದ ಮನೆಯ ಒಳಗಿನಿಂದಲೇ "ಅಕ್ಕ ಅನ್ನಮ್ಮಿ, ಅಂದ್ರೆ ನಿನ್ ನಾಲ್ಗೆ ಸವೆದೋದದಾ?" ಎಂದು ಕೂಗುತ್ತಿದ್ದಳು. ಪೇಟೆಯ ಹುಡುಗಿ, ಮುದ್ದೆ ನುಂಗಲು ಬಾರದೆ ಒದ್ದಾಡುತ್ತಾಳೆ, ನೋಡಿ ನಗಬಹುದು ಅಂತ ಕಾದಿದ್ದೆ. ಆ ಹುಡುಗಿ ಮೊದಲ ದಿನವೇ ಉಪ್ಸಾರಿಗೆ ಅದ್ದಿ ಅದ್ದಿ ಒಂದು ಮುದ್ದೆ ಮುಗಿಸಿ, ತಟ್ಟೆ ಮುಂದೆ ಚಾಚಿದಳು. ಅಜ್ಜಿಯ ಮುಖ ಅರಳಿದ್ದನ್ನು ನಾನು ನೋಡಿದೆ. ಒಂಬತ್ತು ವರ್ಷದಿಂದ ಅದೇ ಮುದ್ದೆ ನುಂಗಿದ ನನ್ನನ್ನು ನೋಡಿ ಆ ಮುಖ ಒಂದು ದಿನವೂ ಹಾಗೆ ಅರಳಿರಲಿಲ್ಲ.

ಅವಳ ಅಕ್ಷರ ಚೆಂದ. ಅವಳ ಜಡೆ ಉದ್ದ. ಕುಂಟೆಬಿಲ್ಲೆಯಲ್ಲಿ ನಾನು ಗೆರೆ ನೋಡಿ, ಕಾಲು ನೋಡಿ, ಮತ್ತೆ ಗೆರೆ ನೋಡಿ ಕುಂಟುವಷ್ಟರಲ್ಲಿ ಅವಳು ಮನೆ ಕಟ್ಟಿ ಆಗಿರುತ್ತಿತ್ತು. ಯಾವುದನ್ನೂ ಎರಡು ಸಲ ನೋಡುವ ಹುಡುಗಿಯೇ ಅಲ್ಲ. ಲೆಕ್ಕ ಬಿಡಿಸಿದರೆ ತಿರುಗಿ ನೋಡುತ್ತಿರಲಿಲ್ಲ, ಸರಿಯಾಗಿಯೇ ಇರುತ್ತಿತ್ತು. ನನ್ನ ಮೈ ಉರಿಯುತ್ತಿತ್ತು.

ಇವೆಲ್ಲ ಹೇಗೋ ತಡೆದುಕೊಂಡಿದ್ದೆ. ತಡೆಯಲಾಗದ್ದು ಕುರಿಮರಿಯ ವಿಷಯ.

ನಮ್ಮ ಮನೆಯ ಕುರಿ ಆ ವರ್ಷ ಅವಳಿ ಮರಿ ಈದಿತ್ತು. ಎರಡೂ ಹೆಣ್ಣು. ದೊಡ್ಡದು ಬೆಳ್ಳಗೆ, ಸಣ್ಣದಕ್ಕೆ ಕತ್ತಿನಿಂದ ಮುಂದಕ್ಕೆ ಕೆಂಚು. ಬೆಳ್ಳಿ, ಕೆಂಚಿ ಅಂತ ಹೆಸರಿಟ್ಟವಳು ನಾನು. ಹುಳ ತಿಂದು ಬಿಟ್ಟ ಸೊಪ್ಪಿನ ಕಡ್ಡಿಗಳನ್ನು ದಿನಾ ಹೊತ್ತು ತಂದು ಹಾಕಿ ಎರಡನ್ನೂ ಸಾಕಿದವಳು ನಾನು. ಶೋಭಕ್ಕ ಬಂದ ಮೂರನೇ ದಿನ ಅಜ್ಜಿ ಅಂದಳು, "ಆ ಮಗಾನೂ ಒಸಿ ಖುಷಿಯಾಗಿರ್ಲಿ. ಒಂದ್ ಮರಿ ಅವ್ಳಿಗೆ ಬುಡು."

"ಕೆಂಚೀನ ಕೊಡ್ತೀನಿ" ಅಂದೆ.

"ಮನೆಗ್ ಬಂದೋರ್ಗೆ ಬಡಕಲನ್ನ ಕೊಟ್ಟಾರಾ? ಬೆಳ್ಳೀನ ಕೊಡು."

ಬೆಳ್ಳಿ ಒಂದೇ ವಾರಕ್ಕೆ ಅವಳ ಹಿಂದೆ ಹಿಂದೆ ಓಡಾಡತೊಡಗಿತು. ನಾನು ಕರೆದರೆ ಕಿವಿ ಮಾತ್ರ ಆಡಿಸುತ್ತಿತ್ತು.

ಆ ಸಲ ಮಳೆ ಚೆನ್ನಾಗಿ ಹಿಡಿದಿತ್ತು. ಕೆರೆ ಅಂಚಿನ ಜೌಗಿನಲ್ಲಿ ಮೇದ ಕುರಿಗಳಿಗೆ ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತಿದೆ ಎಂಬ ಸುದ್ದಿ ಊರಲ್ಲೆಲ್ಲ ಇತ್ತು. ದನದ ಡಾಕ್ಟರು ಯಾರದೋ ಹಸು ನೋಡಲು ಊರಿಗೆ ಬಂದಾಗ ಅಪ್ಪ ಅವರನ್ನು ಕರೆದುಕೊಂಡು ಬಂದರು. ಡಾಕ್ಟರು ಎರಡೂ ಮರಿಗಳ ಕಣ್ಣ ರೆಪ್ಪೆ ಬಿಡಿಸಿ ನೋಡಿದರು. ಒಳಗೆ ಕೆಂಪಿಲ್ಲ, ಬಿಳಿಚಿಕೊಂಡಿತ್ತು.

"ಎರಡಕ್ಕೂ ಹುಳ ಆಗಿದೆ" ಅಂದು ಬ್ಯಾಗಿನಿಂದ ಒಂದು ಬಾಟಲಿ ತೆಗೆದರು. "ಇದರಲ್ಲಿ ಎರಡು ಔಷಧಿ ಸೇರಿಸಿದ್ದಾರೆ. ಒಂದು ಹೊಟ್ಟೇಲಿರೋ ಹುಳಕ್ಕೆ, ಇನ್ನೊಂದು ಲಿವರ್‌ನಲ್ಲಿರೋ ಚಪ್ಪಟೆ ಹುಳಕ್ಕೆ. ಎರಡು ಇರೋದ್ರಿಂದ್ಲೇ ಹುಷಾರು ಜಾಸ್ತಿ ಬೇಕು. ಮರಿ ತೂಗಿ, ತೂಕಕ್ಕೆ ಎಷ್ಟೋ ಅಷ್ಟೇ. ಅಂದಾಜು ಮಾಡ್ಬೇಡಿ. ಕಮ್ಮಿ ಆದ್ರೆ ಹುಳ ಸಾಯಲ್ಲ. ಜಾಸ್ತಿ ಆದ್ರೆ ಮರಿ ಜೊಲ್ಲು ಸುರ್ಸುತ್ತೆ, ಗಡಗಡ ನಡುಗುತ್ತೆ, ಉಳಿಯೋದು ಕಷ್ಟ. ಕತ್ತು ತೀರಾ ಮೇಲೆತ್ತಿ ಹುಯ್ಬೇಡಿ, ಶ್ವಾಸಕ್ಕೆ ನುಗ್ಗುತ್ತೆ."

"ಇದ್ನ ಕುಡ್ಸುದ್ರೆ ಚೇತರಿಸ್ಕತವಾ ಸಾ?" ಅಂತ ಅಪ್ಪ ಕೇಳಿದರು.

"ತಿಂದದ್ದು ಮೈಗೆ ಹತ್ತುತ್ತೆ. ಒಂದು ತಿಂಗಳು ಬಿಟ್ಟು ನೋಡಿ, ಗುರುತೇ ಸಿಗಲ್ಲ."

ಡಾಕ್ಟರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಈ ಕೊನೆಯ ಮಾತೊಂದೇ.

ಅಪ್ಪ ರೇಷ್ಮೆಗೂಡು ತೂಗುವ ತಕ್ಕಡಿಯನ್ನು ಹೊಂಗೆ ಮರದ ಕೊಂಬೆಗೆ ನೇತುಹಾಕಿ, ಗೋಣಿಚೀಲದಲ್ಲಿ ಕೂರಿಸಿ ಮರಿಗಳನ್ನು ತೂಗಿದರು. ಬೆಳ್ಳಿ ಹದಿಮೂರು ಕೆ.ಜಿ. ಕೆಂಚಿ ಒಂಬತ್ತು. ಶೋಭಕ್ಕ ಚಪ್ಪಾಳೆ ತಟ್ಟಿದಳು. ನನ್ನನ್ನು ಆಡಿಕೊಳ್ಳಲು ತಟ್ಟಿದ್ದಲ್ಲ, ಅದು ನನಗೂ ಗೊತ್ತು. ಆದರೂ ಆ ಶಬ್ದ ಕೆನ್ನೆಗೆ ಬಿದ್ದ ಹಾಗಾಯಿತು.

"ಬೆಳ್ಳಿಗ್ಯಾಕಪ್ಪ ಜಾಸ್ತಿ ಔಷಧಿ? ಸಣ್ಣದಕ್ಕಲ್ವಾ ಜಾಸ್ತಿ ಕೊಡ್ಬೇಕು, ಬೇಗ ದೊಡ್ಡದಾಗ್ಲಿ ಅಂತ?" ಅಂದೆ.

"ತೂಕಕ್ಕೆ ತಕ್ಕಂಗೆ ಕಣಮ್ಮಿ. ಡಾಕ್ಟ್ರು ಹೇಳಿದ್ ಕೇಳಿಸ್ಕಳಿಲ್ವಾ?"

ದೊಡ್ಡದಕ್ಕೇ ಜಾಸ್ತಿ ಕೊಟ್ಟರೆ ಅದು ಇನ್ನೂ ದೊಡ್ಡದಾಗುತ್ತದೆ. ನನ್ನ ಕೆಂಚಿ ಅದರ ಸಮ ಆಗುವುದು ಯಾವಾಗ? ಮರಿಯ ಹಣೆಬರಹವೂ ನನ್ನದರ ಹಾಗೇ ಆಯಿತಲ್ಲ ಅನ್ನಿಸಿತು.

ಮಾರನೇ ದಿನ ಬೆಳಗ್ಗೆ ಕುಡಿಸಬೇಕಿತ್ತು. ಆದರೆ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಆ ದಿನಗಳಲ್ಲಿ ಹುಳ ಮುಟ್ಟುವವರು ಬೇರೆ ಯಾವ ಔಷಧಿಯನ್ನೂ ಮುಟ್ಟಬಾರದು ಅನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ಅಜ್ಜಿ ಹೊಗೆಸೊಪ್ಪು ಹಾಕುವುದನ್ನೂ ಬಿಟ್ಟುಬಿಡುತ್ತಿದ್ದಳು. ಇನ್ನು ಹುಳ ಸಾಯಿಸುವ ಔಷಧಿ ಅಂದರೆ ಕೇಳಬೇಕೇ? "ಆ ಬಾಟ್ಲಿ ಹೊಸ್ಲು ದಾಟ್ಕೂಡ್ದು" ಅಂದಳು. ಅಪ್ಪ ಬೀದಿಯ ಕಲ್ಲಿನ ಮೇಲೆ ಕುಳಿತು, ಸಿರಿಂಜಿನಲ್ಲಿ ಗೆರೆ ನೋಡಿ ಎಳೆದು, ಒಂದೇ ಅಳತೆಯ ಎರಡು ಬಿದಿರಿನ ಗೊಟ್ಟಗಳಿಗೆ ಔಷಧಿ ತುಂಬಿದರು. ದನಕರುಗಳಿಗೆ ಔಷಧಿ ಕುಡಿಸುವುದಕ್ಕೆಂದೇ ಇಟ್ಟಿದ್ದ ಗೊಟ್ಟಗಳು ಅವು. ಉಳಿದ ಔಷಧಿಯನ್ನು ಪಕ್ಕದ ಮನೆಯವರ ಕುರಿಗೆಂದು ಕೊಟ್ಟರು. ಶೋಭಕ್ಕನನ್ನು ಕರೆದು, ಎರಡು ಕೈಗೂ ಒಂದೊಂದು ಗೊಟ್ಟ ಕೊಟ್ಟು, "ಬಲಗೈಲಿರೋದು ಬೆಳ್ಳಿಗೆ, ಎಡಗೈಲಿರೋದು ಕೆಂಚಿಗೆ. ನಿಧಾನಕ್ಕೆ ಹುಯ್ಯಿರಿ" ಅಂತ ಹೇಳಿ, ಸ್ನಾನ ಮಾಡಿ ಹುಳದ ಮನೆಗೆ ಹೋದರು. ಹುಳ ಸಾಕದ ಯಾವ ಮನೆಯವರೂ ಒಂಬತ್ತು ವರ್ಷದ ಹುಡುಗಿಯರ ಕೈಗೆ ಅಂಥ ಔಷಧಿ ಕೊಟ್ಟು ದೂರ ಹೋಗುತ್ತಿರಲಿಲ್ಲ.

ನಾನು ಹೊಂಗೆ ಮರದ ಕೆಳಗೆ ಮರಿಗಳನ್ನು ಹಿಡಿದುಕೊಂಡು ನಿಂತಿದ್ದೆ. ಶೋಭಕ್ಕ ಗೊಟ್ಟಗಳನ್ನು ತಂದು ಮರದ ಬುಡಕ್ಕೆ ಒರಗಿಸಿ ಇಟ್ಟಳು. ಅಷ್ಟರಲ್ಲಿ ಅಜ್ಜಿ ಬಾಗಿಲಿನಿಂದ, "ಶೋಭಿ, ಔಷ್ದಿ ಕಯ್ಯಾಗಿರ್ತದೆ, ಬೆಲ್ಲ ತಕ್ಕೊಂಡೋಗು ಬಾ" ಅಂದಳು. ನೋಡಿ, ಅದಕ್ಕೂ ಕರೆದದ್ದು ಅವಳನ್ನೇ.

ಅವಳು ಹೋಗಿ ಬರುವಷ್ಟರಲ್ಲಿ ನಾನು ಕೆಂಚಿಯ ಪಾಲನ್ನು ಕೆಂಚಿಗೆ ಕುಡಿಸಿದೆ. ಬೆಳ್ಳಿಯ ಪಾಲನ್ನೂ ಕೆಂಚಿಗೇ ಕುಡಿಸಿದೆ. ಅದು ಕೆಮ್ಮಿತು, ಬಾಯಿ ಒತ್ತಿ ಹಿಡಿದೆ. ಖಾಲಿಯಾದ ಬೆಳ್ಳಿಯ ಗೊಟ್ಟಕ್ಕೆ, ಅಲ್ಲೇ ಕಲಗಚ್ಚಿನ ಬಾನಿಯಲ್ಲಿದ್ದ ಅಕ್ಕಿ ತೊಳೆದ ನೀರನ್ನು ತುಂಬಿಟ್ಟೆ. ಔಷಧಿಯೂ ಬೆಳ್ಳಗಿತ್ತು, ಅದೂ ಬೆಳ್ಳಗಿತ್ತು.

ಶೋಭಕ್ಕ ಬೆಲ್ಲದ ಚೂರು ಹಿಡಿದು ಓಡಿ ಬಂದಳು. "ನಂದು ಆಯ್ತು, ಇದು ನಿಂದು" ಅಂದೆ. ಅವಳು ಬೆಳ್ಳಿಯ ಗದ್ದ ಹಿಡಿದು, ಒಂದು ಹನಿ ಚೆಲ್ಲದ ಹಾಗೆ, ಆ ನೀರನ್ನು ಎಷ್ಟು ಜೋಪಾನವಾಗಿ ಕುಡಿಸಿದಳೆಂದರೆ ನನಗೆ ಅದಕ್ಕೂ ಸಿಟ್ಟು ಬಂತು.

ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ. ಕೆಂಚಿಯ ಬಾಯಿಂದ ಜೊಲ್ಲು ಇಳಿಯತೊಡಗಿತು. ಆಮೇಲೆ ಕಾಲು ನಡುಗಿದವು. ಎರಡು ಹೆಜ್ಜೆ ಇಟ್ಟು ಮುಂಗಾಲು ಮಡಚಿ ಬಿತ್ತು. ಕೂಗಿಕೊಂಡು ಓಡಿದವಳು ಶೋಭಕ್ಕ. ಅಪ್ಪ ಟಿವಿಎಸ್ ತೆಗೆದುಕೊಂಡು ಹೋಗಿ ಡಾಕ್ಟರನ್ನು ಹಿಂದೆ ಕೂರಿಸಿಕೊಂಡು ಬಂದರು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಮರಿಯನ್ನು ನೆರಳಿನಲ್ಲಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ ಅಂದರು. ಆಮೇಲೆ ನಮ್ಮ ಕಡೆ ತಿರುಗಿದರು. "ಯಾರು ಕುಡಿಸಿದ್ದು? ಎಷ್ಟು ಕುಡಿಸಿದ್ರಿ? ಹೆದರ್ಬೇಡಿ, ನಿಜ ಹೇಳಿ."

ನಾನು ಬಾಯಿ ತೆರೆಯುವ ಮೊದಲೇ ಶೋಭಕ್ಕ ಅಳುತ್ತಾ ಹೇಳಿದಳು. "ನನ್ನಿಂದಾನೇ ಆಗಿರ್ಬೇಕು ಸರ್. ಬಲಗೈದು ಬೆಳ್ಳಿದು ಅಂತ ಚಿಕ್ಕಪ್ಪ ಹೇಳಿದ್ರು. ಮರದ ಹತ್ರ ಇಡೋವಾಗ ನಾನು ನೋಡ್ಲೇ ಇಲ್ಲ. ಅದಲು ಬದಲು ಇಟ್ಬಿಟ್ಟೆ ಅನ್ಸುತ್ತೆ. ಬೆಳ್ಳಿದು ಕೆಂಚಿಗೆ ಹೋಗಿದೆ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಹಾಗೇ ಆಗಿರಬೇಕು ಅಂತ ನಿಜವಾಗಿಯೂ ನಂಬಿದ್ದಳು.

"ಅಷ್ಟಕ್ಕೇ ಇಷ್ಟೊಂದು ಆಗ್ಬಾರ್ದಲ್ಲ" ಅಂದ ಡಾಕ್ಟರು ನನ್ನ ಮುಖವನ್ನೇ ನೋಡಿದರು. ನಾನು ಕೆಂಚಿಯ ಕಿವಿ ಸವರುತ್ತಾ ತಲೆ ತಗ್ಗಿಸಿದೆ. ಅವರು "ಮರಿ ಬಲಹೀನ ಇತ್ತು. ಇರ್ಬಹುದು" ಅಂದು ಎದ್ದರು. ಹೋಗುವಾಗ ಅಪ್ಪನಿಗೆ ಹೇಳಿದರು, "ಹಾಗಾದ್ರೆ ದೊಡ್ಡ ಮರಿಗೆ ಕಮ್ಮಿ ಬಿದ್ದಿದೆ. ಈಗ ಮೇಲೆ ಮೇಲೆ ಕೊಡೋದು ಬೇಡ. ಹದಿನೈದು ದಿನ ಬಿಟ್ಟು ನನಗೆ ತೋರ್ಸಿ, ಮತ್ತೆ ತೂಕ ನೋಡಿ ಕೊಡೋಣ."

ಅಪ್ಪ ಶೋಭಕ್ಕನಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. "ಒಸಿ ನೋಡ್ಬಾರ್ದಾ ಮಗ" ಅಂದರು, ಅಷ್ಟೇ. ಅದೇ ನಾನಾಗಿದ್ದರೆ ಬೆನ್ನ ಮೇಲೆ ಸೊಪ್ಪಿನ ಕಡ್ಡಿ ಮುರಿಯುತ್ತಿತ್ತು. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಸಾಲದೆಂಬಂತೆ ಎರಡು ದಿನ ಅವಳೇ ಕೆಂಚಿಯ ಪಕ್ಕ ಕೂತು ನೊಣ ಓಡಿಸಿದಳು. ಮೂರನೇ ದಿನ ಕೆಂಚಿ ಎದ್ದು ಮೊದಲು ಮೂಸಿದ್ದು ಅವಳ ಲಂಗವನ್ನು.

ಆಮೇಲಿನ ದಿನಗಳದ್ದು ಹೇಳುವುದೇ ಕಷ್ಟ. ಹುಳ ಹಣ್ಣಾದವು, ಗೂಡು ಕಟ್ಟಲಿ ಅಂತ ಬಿದಿರಿನ ಚಂದ್ರಿಕೆಗೆ ಬಿಟ್ಟದ್ದಾಯಿತು, ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹಾಕಿದ್ದಾಯಿತು. ಆ ಗಡಿಬಿಡಿಯಲ್ಲಿ ಹದಿನೈದು ದಿನದ ಮಾತು ಅಪ್ಪನಿಗೆ ಮರೆತೇ ಹೋಯಿತು. ಬೆಳ್ಳಿಗೆ ಬಿದ್ದದ್ದು ಕಡಿಮೆ ಔಷಧಿಯಲ್ಲ, ಒಂದು ಹನಿಯೂ ಬಿದ್ದಿಲ್ಲ ಅಂತ ಗೊತ್ತಿದ್ದವಳು ನಾನೊಬ್ಬಳೇ. ದಿನಾ ಬೆಳಗ್ಗೆ ಎದ್ದಾಗ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಹೇಳಿದರೆ ಎಲ್ಲರೂ ಅವಳನ್ನು ಇನ್ನಷ್ಟು ಮುದ್ದು ಮಾಡುತ್ತಾರೆ, ನನ್ನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ ಅನ್ನಿಸಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಇನ್ನೊಂದು ಮಾತೂ ಇದೆ, ಮುಚ್ಚಿಟ್ಟು ಏನು ಮಾಡಲಿ? ಕೆಂಚಿ ಮೈ ತುಂಬಿಕೊಳ್ಳುತ್ತಿತ್ತು, ಬೆಳ್ಳಿ ಇಳಿಯುತ್ತಿತ್ತು. ಒಂದು ದಿನ ಎರಡೂ ಸಮ ಸಮ ಕಂಡವು. ನನಗೆ ಖುಷಿಯಾಯಿತು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಬೆಳ್ಳಿಯ ಗದ್ದದ ಕೆಳಗೆ ನೀರು ತುಂಬಿ ಜೋತುಬಿತ್ತು. ಕಡ್ಡಿ ಮೂಸಿ ಬಿಟ್ಟುಬಿಡುತ್ತಿತ್ತು. ಆಗ ಹೆದರಿ, "ಅಪ್ಪ, ಡಾಕ್ಟ್ರುನ್ನ ಕರ್ಕೊಂಬಾ" ಅಂದೆ. ಯಾಕೆ ಅಂತ ಮಾತ್ರ ಹೇಳಲಿಲ್ಲ. ಡಾಕ್ಟರು ಬಂದು ರೆಪ್ಪೆ ಬಿಡಿಸಿ ನೋಡಿದರು. ಒಳಗೆ ಸುಣ್ಣದ ಹಾಗೆ ಬಿಳುಪು. "ಮೈಲಿ ರಕ್ತವೇ ಇಲ್ಲ. ಈಗ ಆ ಔಷಧಿ ಕೊಟ್ರೂ ತಡ್ಕೊಳ್ಳಲ್ಲ" ಅಂದರು. ಶಕ್ತಿಗೆ ಏನೋ ಚುಚ್ಚಿದರು. ಎರಡನೇ ದಿನ ಬೆಳಗ್ಗೆ ನಾವು ಕೊಟ್ಟಿಗೆಗೆ ಹೋದಾಗ ಬೆಳ್ಳಿ ಕಾಲು ಚಾಚಿ ಮಲಗಿತ್ತು. ಶೋಭಕ್ಕ ಮುಟ್ಟಿ ನೋಡಿದಳು, ತಣ್ಣಗಿತ್ತು.

ಅವಳು ಜೋರಾಗಿ ಅಳಲಿಲ್ಲ. "ನಾನೇ ಸಾಯ್ಸಿದ್ದು ಅಜ್ಜಿ. ನೋಡ್ದೇ ಇಟ್ನಲ್ಲ" ಅಂದಳು. ಅಜ್ಜಿ ಅವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು, ಸೆರಗಿನಿಂದ ಮುಖ ಒರೆಸಿ, "ಇಲ್ಲ ಕಣ್ ಮಗ, ಇಲ್ಲ ಕಣವ್ವ" ಅಂತ ತಟ್ಟುತ್ತಾ ಕೂತಳು. ನಾನು ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದೆ. ಆಗಲಾದರೂ ನನಗೆ ಬರಬೇಕಾದದ್ದು ಪಶ್ಚಾತ್ತಾಪ. ಬಂದದ್ದು ಅದೇ ಹಾಳು ಹೊಟ್ಟೆಕಿಚ್ಚು. ತಪ್ಪು ಮಾಡಿದವಳು ನಾನು, ಅಜ್ಜಿಯ ಮಡಿಲು ಅವಳಿಗೆ.

ದೀಪಾವಳಿ ಮುಗಿದ ಮೇಲೆ ದೊಡ್ಡಪ್ಪ ಬಂದು ಅವಳನ್ನು ಕರೆದುಕೊಂಡು ಹೋದರು. ಆ ಕೊನೆಯ ದಿನಗಳಲ್ಲಿ ಅವಳು ಶಾಲೆಯಲ್ಲಿ ಲೆಕ್ಕ ಬಿಡಿಸಿ, ತಿರುಗಿ ನೋಡಿ, ಅಳಿಸಿ, ಮತ್ತೆ ಅದನ್ನೇ ಬರೆಯುತ್ತಿದ್ದಳು. ಒಂದು ದಿನ ಮೊದಲ ಸಲ ನಾನು ಅವಳಿಗಿಂತ ಮುಂಚೆ ಸ್ಲೇಟು ತೋರಿಸಿದೆ.

ಈಗ ನಾನು ಚನ್ನಪಟ್ಟಣದಲ್ಲಿದ್ದೇನೆ. ಅಜ್ಜಿ ಇಲ್ಲ, ಅಪ್ಪನೂ ಇಲ್ಲ. ಆ ಡಾಕ್ಟರು ವರ್ಗವಾಗಿ ಎಲ್ಲಿಗೆ ಹೋದರೋ ಗೊತ್ತಿಲ್ಲ. ನಮ್ಮ ಹುಳದ ಮನೆಯಲ್ಲಿ ತಟ್ಟೆಗಳಿಲ್ಲ, ಯಾರೋ ಹಾಲಿನ ಕ್ಯಾನು, ಪಶು ಆಹಾರದ ಮೂಟೆ ಇಟ್ಟುಕೊಂಡಿದ್ದಾರೆ. ಅಪ್ಪನ ಮುಂದೆ ತಪ್ಪು ಒಪ್ಪಿಕೊಂಡು ಎರಡೇಟು ತಿಂದು ಮುಗಿಸಬಹುದಾಗಿದ್ದ ಕಾಲ ಇತ್ತಲ್ಲ, ನಾನು ಕಳೆದುಕೊಂಡದ್ದು ಅದನ್ನು. ಇನ್ನು ಹೇಳಿದರೆ ಬೈಯಲು ಯಾರಿದ್ದಾರೆ? ಕೇಳಬೇಕಾದವಳು ಅವಳೊಬ್ಬಳೇ. ಅವಳ ಮುಂದೆ ನನಗೆ ಬಾಯಿ ಬರುವುದಿಲ್ಲ.

ಹೋದ ತಿಂಗಳು ಶೋಭಕ್ಕ ನಮ್ಮ ಮನೆಗೆ ಬಂದಿದ್ದಳು. ನನ್ನ ಮಗಳಿಗೆ ಹೊಟ್ಟೆನೋವು, ಮೈ ಕಡಿತ. ಡಾಕ್ಟರು ಪರೀಕ್ಷೆ ಮಾಡಿಸಿ, ಎರಡು ಔಷಧಿ ಸೇರಿಸಿದ ಹುಳದ ಮಾತ್ರೆ ಬರೆದುಕೊಟ್ಟಿದ್ದರು. ಮೇಜಿನ ಮೇಲಿದ್ದ ಆ ಮಾತ್ರೆಯ ಪಟ್ಟಿಯನ್ನು ಶೋಭಕ್ಕ ಎತ್ತಿಕೊಂಡಳು. ಕನ್ನಡಕ ಹಾಕಿ ಓದಿದಳು. ಚೀಟಿಯ ಜೊತೆ ಹಿಡಿದು ಮತ್ತೆ ಓದಿದಳು. "ಇವಳ ತೂಕ ಎಷ್ಟು? ಡಾಕ್ಟ್ರು ತೂಗಿದ್ರಾ? ಬೇರೆ ಏನಾದ್ರೂ ಔಷಧಿ ತಗೋತಿದ್ದಾಳಾ? ಇದನ್ನ ಹೇಳಿದ್ಯಾ ಅವರಿಗೆ? ಒಂದೇ ಸಲಾನಾ, ಇನ್ನೊಂದು ಸಲ ಕೊಡ್ಬೇಕಾ?" ಎಲ್ಲಕ್ಕೂ ನಾನು ಉತ್ತರ ಕೊಟ್ಟೆ. ಆದರೂ ಮಗಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಇಳಿಸಿ, ಇನ್ನೊಮ್ಮೆ ನಿಲ್ಲಿಸಿದಳು.

ಮಗಳಿಗೆ ನಗು ಬಂತು. "ಒಂದ್ ಮಾತ್ರೆಗೆ ಎಷ್ಟ್ ಸಲ ನೋಡ್ತೀರಾ ದೊಡ್ಡಮ್ಮ?"

ಶೋಭಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದಳು. ಎರಡು ಮರಿ, ಎರಡು ಗೊಟ್ಟ, ತಾನು ನೋಡದೆ ಅದಲು ಬದಲು ಇಟ್ಟದ್ದು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಮಗಳು ಅವಳ ತೋಳಿಗೆ ಒರಗಿ, ಕಣ್ಣು ತುಂಬಿಕೊಂಡು ಕೇಳುತ್ತಿದ್ದಳು. ನನ್ನ ತಪ್ಪನ್ನು ಇವಳು ತನ್ನದು ಮಾಡಿಕೊಂಡು ಹೇಳುತ್ತಾಳೆ, ಅದಕ್ಕೂ ಇವಳಿಗೇ ಪ್ರೀತಿ ಸಿಗುತ್ತದೆ. ಈ ವಯಸ್ಸಿನಲ್ಲೂ ನನ್ನ ಹೊಟ್ಟೆಯಲ್ಲಿ ಎದ್ದದ್ದು ಅದೇ.

"ಅಮ್ಮನ ಮರಿಗೆ ಹಾಗಾಯ್ತಲ್ಲ, ಅಮ್ಮ ನಿಮ್ಗೆ ಬೈಲಿಲ್ವಾ?" ಅಂತ ಮಗಳು ಕೇಳಿದಳು.

"ಒಂದೇ ಒಂದು ಮಾತು ಬೈಲಿಲ್ಲ ಕಣೆ. ಇವತ್ತಿನವರೆಗೂ ಆ ವಿಷ್ಯ ಎತ್ತಿಲ್ಲ ನಿಮ್ಮಮ್ಮ. ಅಂಥ ಮನಸ್ಸು ಯಾರಿಗೆ ಬರುತ್ತೆ?"

ಮಗಳು ತಿರುಗಿ ನನ್ನನ್ನು ನೋಡಿದಳು. ಅಷ್ಟು ಹೆಮ್ಮೆಯಿಂದ ನನ್ನನ್ನು ಯಾರೂ ನೋಡಿರಲಿಲ್ಲ.

ಶೋಭಕ್ಕ ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿದಳು. ಮಗಳು ಕೈ ಚಾಚಿದಳು. ಆದರೆ ಶೋಭಕ್ಕ ಅದನ್ನು ಅವಳ ಕೈಗೆ ಹಾಕಲಿಲ್ಲ, ಎದ್ದು ಬಂದು ನನ್ನ ಕಡೆ ಹಿಡಿದಳು.

"ನೀನೇ ಕೊಡು ಸುಮಾ. ನನ್ನ ಕೈಲಿ ಬೇಡ" ಅಂದಳು.

ನಾನು ಈಸಿಕೊಂಡೆ.